ಅಕ್ಕ ಆರಿಸಿದ ಕಂಪ್ಯೂಟರ್

ಸೀಗೆಪುಡಿಯ ವಾಸನೆ ಬಂದರೆ ಇವತ್ತಿಗೂ ನನಗೆ ನಮ್ಮ ಮೊದಲ ಕಂಪ್ಯೂಟರ್ ನೆನಪಾಗುತ್ತದೆ.

ಎಂಬತ್ತರ ದಶಕದ ಕೊನೆ. ತಿರುಪ್ಪೂರಿನಲ್ಲಿ ಮನೆಗೇ ಹೊಂದಿಕೊಂಡಿದ್ದ ನಮ್ಮ ಬನಿಯನ್ ಕಂಪನಿಗೆ ಕಂಪ್ಯೂಟರ್ ಬೇಕೆಂದು ಅಪ್ಪನನ್ನು ಒಪ್ಪಿಸಿದವಳು ಅಕ್ಕ. ಕೊಯಮತ್ತೂರಿಗೆ ಬಸ್ಸಿನಲ್ಲಿ ಹೋಗಿ ಕಲಿತು, ಅದನ್ನು ಆರಿಸಿದವಳೂ ಅವಳೇ. ಅದು ಮನೆಗೆ ಬಂದ ಮಧ್ಯಾಹ್ನ ಅವಳು ಮುಟ್ಟಾಗಿ ಹಿತ್ತಲ ಕೋಣೆಯಲ್ಲಿದ್ದಳು.

"ಪೂಜೆ ಆಗಿರೋ ಮಿಷಿನ್ನು, ನೀ ಅಲ್ಲೇ ಇರಮ್ಮಾ," ಎಂದಳು ಅಜ್ಜಿ, ಮಾನಿಟರಿಗೆ ಕುಂಕುಮ ಇಡುತ್ತಾ.

ಅಕ್ಕ ಕಿಟಕಿಯಿಂದಲೇ ಕೂಗಿದಳು: "ಮೊದಲು ಸ್ಟೆಬಿಲೈಸರ್ ಹಾಕು ಕಣ್ಣು!" ಕಣ್ಣು ಅಂದರೆ ನಾನು, ಅವಳ ಮುದ್ದಿನ ತಮ್ಮ.

ಅವಳು ತನ್ನ ಎತ್ತರಕ್ಕೆ ಮಾಡಿಸಿದ್ದ ಕುರ್ಚಿಯಲ್ಲಿ ಕಂಪ್ಯೂಟರ್ ತಂದ ಅಂಗಡಿಯವನು ನನ್ನನ್ನು ಕೂರಿಸಿ ಎಲ್ಲ ಕಲಿಸಿದ.

ನಾಲ್ಕನೆಯ ದಿನ ಸೀಗೆಪುಡಿ ಹಚ್ಚಿ ತಲೆಗೆ ನೀರು ಹಾಕಿಕೊಂಡ ಅಕ್ಕ ಒದ್ದೆ ಕೂದಲಲ್ಲೇ ಓಡಿಬಂದಳು.

"ಇವನಿಗೆ ಬಂತಲ್ಲಮ್ಮಾ, ಇನ್ನು ಇವನೇ ನೋಡ್ಕಳ್ಳಲಿ," ಎಂದರು ಅಪ್ಪ.

ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ನೆಲಕ್ಕೆ ಕಾಲು ಎಟುಕದ ಆ ಕುರ್ಚಿಯಿಂದ ನಾನು ಇಳಿಯಲಿಲ್ಲ.