ಅತ್ತೆಯ ಫೋನಿನಲ್ಲಿದ್ದ ಮಗ

ಮರುಮದುವೆಗೆ ಎರಡೇ ದಿನ ಉಳಿದಿದ್ದರೂ ಸೊಸೆಯ ಫೋನಿನಲ್ಲಿ ಸತ್ತ ಗಂಡನ ಫೋಟೋಗಳು ಹಾಗೇ ಇದ್ದವು. ಹಟ ಹಿಡಿದು ಈ ಮದುವೆಗೆ ಒಪ್ಪಿಸಿದವರೇ ಅತ್ತೆ. ಅವರೆಕಾಯಿ ಸುಲಿಯುತ್ತ ಅವರೇ ಮಾತು ತೆಗೆದರು.

"ಅವನ್ನೆಲ್ಲ ಅಳಿಸ್ಬಿಡು ಕಣಮ್ಮ. ಹೊಸ ಮನೆಗೆ ಹೊತ್ಕೊಂಡು ಹೋಗ್ಬಾರ್ದು."

"ನನ್ನಿಂದ ಆಗಲ್ಲ ಅತ್ತೆ."

"ಎಲ್ಲಾನೂ ನನ್ನ ಫೋನಲ್ಲಿದೆಯಲ್ಲ. ನಾನಿರೋ ತನಕ ಜೋಪಾನವಾಗಿ ಇಟ್ಕೋತೀನಿ."

ನಿಜ. ಇಬ್ಬರ ಫೋನಿಗೂ ಒಂದೇ ಖಾತೆ ಹಾಕಿಕೊಟ್ಟವನು ತೀರಿಹೋದ ಆ ಮಗನೇ. "ಒಬ್ಬರು ತೆಗೆದ ಫೋಟೋ ಇನ್ನೊಬ್ರಿಗೂ ಕಾಣತ್ತೆ, ಎಲ್ಲ ಕ್ಲೌಡ್‌ನಲ್ಲಿ ಭದ್ರ" ಎಂದಿದ್ದ. ಮಗನ ಫೋಟೋಗೆ ಹಾರ ಹಾಕಿ ಗೋಡೆಗೆ ತೂಗುಹಾಕಲು ಅತ್ತೆ ಬಿಟ್ಟಿರಲಿಲ್ಲ. ಫೋನಿನಲ್ಲಿ ಅವನು ನಗುತ್ತಿದ್ದಾನೆ, ಅಷ್ಟು ಸಾಕು ಎನ್ನುತ್ತಿದ್ದರು.

ಸೊಸೆ ಎಲ್ಲ ಫೋಟೋಗಳನ್ನೂ ಆರಿಸಿ ಅಳಿಸಹೊರಟಳು. ಫೋನು ಏನೋ ಕೇಳಿತು. ಕಣ್ಣು ತುಂಬಿದ್ದರಿಂದ ಓದಲಾಗಲಿಲ್ಲ. ಹೌದು ಎಂದು ಒತ್ತಿದಳು. ಉಳಿದರೆ ಮತ್ತೆ ನೋಡಿಬಿಡುತ್ತೇನೆಂದು, ಅಳಿಸಿದವು ಹೋಗಿ ಕೂರುವ ಬುಟ್ಟಿಯನ್ನೂ ಖಾಲಿ ಮಾಡಿದಳು.

"ಆಯ್ತು ಅತ್ತೆ."

"ಬಾ, ಒಂದು ಸಲ ನನ್ನ ಫೋನಲ್ಲಿ ಇಬ್ರೂ ನೋಡೋಣ. ಆಮೇಲೆ ನೀನು ನೋಡೋದು ಬೇಡ."

ಅತ್ತೆ ಕೈ ಒರೆಸಿಕೊಂಡು ತಮ್ಮ ಫೋನು ತೆರೆದರು. ಬೆರಳಿನಿಂದ ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ನನ್ನ ಕಣ್ಣಿಗೇನೋ ಆಗಿದೆ ಕಣಮ್ಮ, ಅವನು ಎಲ್ಲೂ ಕಾಣಿಸ್ತಿಲ್ಲ. ನೀನೇ ಹುಡುಕಿಕೊಡು."