ಬಿಟ್ಟಿ ವಕೀಲ

ಇಬ್ಬರನ್ನು ಮಚ್ಚಿನಿಂದ ಕೊಚ್ಚಿ ಕೊಂದ ಆರೋಪ ಹೊತ್ತವನು ಜೈಲಿನ ಭೇಟಿ ಕೋಣೆಯಲ್ಲಿ ಕೇಳಿದ: “ನನ್ನ ಕೇಸಿಗೆ ಸರ್ಕಾರ ನಿಂಗೆಷ್ಟು ಕೊಡುತ್ತೆ?”

“ತೀರ್ಪು ಬಂದ್ಮೇಲೆ ಎಂಟು ಸಾವಿರ,” ಎಂದರು ಸರ್ಕಾರ ನೇಮಿಸಿದ ವಕೀಲರು.

“ಎಂಟು ಸಾವಿರದ ವಕೀಲ ನನ್ನನ್ನ ನೇಣಿಗೇ ಕಳಿಸ್ತಾನೆ!”

ಅವನು ವಕೀಲರ ಕುತ್ತಿಗೆ ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಹಲ್ಲು ಮುರಿಯಿತು, ಮೇಲ್ದುಟಿ ಸೀಳಿತು. ಪೇದೆಗಳು ಎಳೆದೊಯ್ಯುವಾಗಲೂ, “ಬಿಟ್ಟಿ ವಕೀಲ ಬೇಡ!” ಎಂದು ಕೂಗುತ್ತಿದ್ದ.

ಅವನ ಹೆಂಡತಿ ಮನೆ ಮಾರಿ, ಹನ್ನೆರಡು ಲಕ್ಷ ಕೊಟ್ಟು, ಊರಿನ ಅತಿ ದೊಡ್ಡ ವಕೀಲರನ್ನು ಹಿಡಿದಳು.

ವಿಚಾರಣೆಯ ದಿನ ಅವನು ಕಟಕಟೆಯಲ್ಲಿ ಎದೆಯುಬ್ಬಿಸಿ ನಿಂತ.

“ಆರೋಪಿಯ ಪರ ಯಾರು?” ಎಂದರು ನ್ಯಾಯಾಧೀಶರು.

ಮೇಲ್ದುಟಿಯ ಮೇಲೆ ಹೊಲಿಗೆಯ ಗುರುತಿದ್ದ ವಕೀಲರು ಎದ್ದು ನಿಂತರು: “ನಮ್ಮ ಸೀನಿಯರ್ ಹೈಕೋರ್ಟಿಗೆ ಹೋಗಿದಾರೆ ಮಹಾಸ್ವಾಮಿ, ನನ್ನನ್ನ ಕಳಿಸಿದಾರೆ.”