ಕೆಳಗೆ ಬಿದ್ದ ಚಮಚ

ಅಕ್ಕ ಬಡಿಸಿದ ಊಟ ಮಾಡುತ್ತಲೇ ತಮ್ಮ ಸುಳ್ಳು ಹೇಳಿದ.

"ಅವಳು ನೀರಿಗೆ ಇಳಿದಿಲ್ಲ ಅಕ್ಕ. ಪಾದ ಕೂಡ ಒದ್ದೆ ಆಗಿಲ್ಲ. ಸರ್ಫಿಂಗ್ ಹಲಗೇನ ಮರಳ ಮೇಲಿಟ್ಟು ಎದ್ದು ನಿಲ್ಲೋದು ಮಾಡಿಸಿದೆ, ಅಷ್ಟೇ. ಅವಳಿಗೆ ಆಸೆ ಆಗಬಾರದು ಅಂತ ನಾನೂ ಇಳೀಲಿಲ್ಲ."

ಎದುರಿಗೆ ಕೂತಿದ್ದ ಅಕ್ಕನ ಮಗಳು ಹೂಂಗುಟ್ಟಿದಳು. ಅಕ್ಕ ಅವಳ ಕೂದಲು ಮುಟ್ಟಿ ನೋಡಿದಳು, ಒಣಗಿತ್ತು. ಚೀಲದಲ್ಲಿದ್ದ ಟವೆಲ್ಲೂ ಒಣಗಿತ್ತು. ಕಣ್ಣು ಮಾತ್ರ ಕೆಂಪಗಿತ್ತು. ಬಿಸಿಲು, ಅಂದಳು ಮಗಳು.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳ ಬಲಗಣ್ಣು ತೆರೆಯಲೇ ಇಲ್ಲ. ರೆಪ್ಪೆ ಊದಿ ಹಣ್ಣಾಗಿತ್ತು. ಅಲೆಯ ಮೇಲಿಂದ ಬಿದ್ದಾಗಲೆಲ್ಲ ಮೂಗಿಗೆ ನುಗ್ಗಿದ ನೀರು, ಎಂದೂ ಪೂರ್ತಿ ಬಿಡದ ನೆಗಡಿ, ಎಲ್ಲ ಸೇರಿ ಮೂಗಿನ ಹಿಂದಿನ ಪೊಳ್ಳುಗಳಲ್ಲಿ ಕೀವಾಗಿ ಕಣ್ಣಿನತ್ತ ಹೊರಟಿತ್ತು. ಸೈನಸ್ ಆಪರೇಷನ್ ಆಯಿತು. ಕಣ್ಣಿಗೂ ಆ ಪೊಳ್ಳಿಗೂ ನಡುವೆ ಇರುವುದು ಕಾಗದದಷ್ಟು ತೆಳು ಮೂಳೆ, ಇನ್ನೊಂದು ಸಲ ಹೀಗಾದರೆ ಕಣ್ಣು ಉಳಿಯುತ್ತದೆಂದು ಹೇಳಲಾರೆ, ಒಳಗಿನ ಗಾಯ ಮಾಯುವ ತನಕ ಸಮುದ್ರದ ಕಡೆ ತಲೆ ಹಾಕಬೇಡಿ ಎಂದಿದ್ದರು ಡಾಕ್ಟರು. ಆಮೇಲೂ ನೆಗಡಿ ಇದ್ದ ದಿನ ಇಳಿಯುವಂತಿಲ್ಲ, ಮೂಗಿಗೆ ಕ್ಲಿಪ್ಪು ಇಲ್ಲದೆ ಇಳಿಯುವಂತೆಯೇ ಇಲ್ಲ. ಅಕ್ಕ ಅವತ್ತೇ ಕ್ಲಿಪ್ಪು ತಂದಿದ್ದಳು. ಪೊಟ್ಟಣ ಒಡೆಯದ ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅದನ್ನು ಬಟ್ಟೆ ಒಣಹಾಕುವ ಕ್ಲಿಪ್ಪು ಎಂದು ಹಂಗಿಸಿ ಹುಡುಗಿಯನ್ನು ನಗಿಸಿದವನು ಈ ತಮ್ಮನೇ.

ಅವನು ಸರ್ಫಿಂಗ್ ಕಲಿಸುವವನು. ಮುಂದಿನ ವಾರ ರಾಜ್ಯದ ಕಿರಿಯರ ತಂಡದ ಆಯ್ಕೆ ಇತ್ತು; ಅವನ ಕೈಯಲ್ಲಿ ಕಲಿತು ಅಲ್ಲಿಯವರೆಗೆ ಹೋದ ಮೊದಲ ಹುಡುಗಿ ಇವಳು. ಆದರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕನ ಕೈ ಹಿಡಿದು, ಇವಳನ್ನು ನೀರಿಗೆ ಬಿಟ್ಟರೆ ನಾನು ನಿನ್ನ ತಮ್ಮನೇ ಅಲ್ಲ ಎಂದಿದ್ದ. ಅಕ್ಕ ನಂಬಿದ್ದಳು.

ಒಲೆಯ ಪಕ್ಕದಲ್ಲಿ ಮೂಗು ತೊಳೆಯುವ ಬಾಟಲಿ ಕಾಯುತ್ತಿತ್ತು. ಕುದಿಸಿ ಆರಿಸಿದ ನೀರು, ಉಪ್ಪು, ಚಿಟಿಕೆ ಅಡುಗೆ ಸೋಡ. ದಿನವೂ ಊಟಕ್ಕೆ ಮುಂಚೆ ಮಗಳು ಸಿಂಕಿನ ಮೇಲೆ ಬಗ್ಗಿ ಮೂಗು ತೊಳೆದುಕೊಳ್ಳುತ್ತಿದ್ದಳು. ಇವತ್ತು ಮೊದಲ ಸಲ, ಹಸಿವಾಗಿದೆ, ಆಮೇಲೆ ತೊಳ್ಕೋತೀನಿ ಅಂದಿದ್ದಳು. ಅಕ್ಕನಿಗೆ ಒಳಗೊಳಗೇ ಕುಟುಕುತ್ತಿದ್ದದ್ದು ಅದು. ಅವಳ ನೋಟ ಮತ್ತೆ ಮತ್ತೆ ಬಾಟಲಿಯ ಕಡೆ ಹೋಗುವುದನ್ನು ತಮ್ಮ ಕಂಡ.

"ಒಂದು ಬಾಟ್ಲಿ ಉಪ್ಪುನೀರಿಗೆ ಎಷ್ಟು ಉಪಚಾರ ಮಾಡ್ತೀಯಕ್ಕ. ಅಲ್ಲಿ ಇಡೀ ಸಮುದ್ರ ಪುಕ್ಕಟೆ ಬಿದ್ದಿದೆ."

"ಅದನ್ನ ಯಾರು ಕುದಿಸಿ ಆರಿಸಿಟ್ಟಿದಾರೆ?"

ತಮ್ಮ ಜೋರಾಗಿ ನಕ್ಕ. ನಗುವಾಗ ಮೊಣಕೈ ತಾಗಿ ಚಮಚ ಕೆಳಗೆ ಬಿತ್ತು. ಎತ್ತಲು ಬಗ್ಗಿದ.

ಅವನ ಮೂಗಿನಿಂದ ನೀರು ಬಂತು. ತೊಟ್ಟಿಕ್ಕಲಿಲ್ಲ, ನಲ್ಲಿ ತಿರುಗಿಸಿದ ಹಾಗೆ ಸುರಿಯಿತು, ತಿಳಿಯಾಗಿ. ನೆಲದ ಮೇಲೆ ಅಂಗೈಯಗಲ ಒದ್ದೆಯಾಯಿತು.

ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲೆ ಒಳಗೆ ನುಗ್ಗಿಸಿದ ನೀರು ಮುಖದ ಪೊಳ್ಳುಗಳಲ್ಲಿ ಅಡಗಿ ಕೂತಿದ್ದು, ಎಷ್ಟೋ ಹೊತ್ತಿನ ಮೇಲೆ ತಲೆ ಬಗ್ಗಿಸಿದಾಗ ಹೊರಗೆ ಬರುತ್ತದೆ. ಚಿಕ್ಕಂದಿನಲ್ಲಿ ಸ್ಕೂಲು ತಪ್ಪಿಸಿ ಸಮುದ್ರಕ್ಕೆ ಹೋಗಿ ಬಂದು, ಸಂಜೆ ಪುಸ್ತಕದ ಮೇಲೆ ಬಗ್ಗಿ ಇದೇ ತಮ್ಮ ಎಷ್ಟು ಹಾಳೆ ನೆನೆಸಿರಲಿಲ್ಲ! ಬೆವರು ಎಂದು ಅಪ್ಪನಿಗೆ ಹೇಳಿ ಏಟು ತಪ್ಪಿಸಿದವಳು ಅವಳೇ.

"ನೆಗಡಿ," ಎಂದ ತಮ್ಮ, ಚಮಚ ಅಲ್ಲೇ ಬಿಟ್ಟು ನೆಟ್ಟಗೆ ಕೂತು ಮೂಗು ಒರೆಸಿಕೊಳ್ಳುತ್ತ.

"ಬೆವರು ಅನ್ನು. ಅಪ್ಪನಿಗೆ ನಾನು ಹಾಗೇ ಹೇಳ್ತಿದ್ದೆ."

ಅಕ್ಕ ಅವನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡಳು. ಅರ್ಧ ಉಂಡದ್ದನ್ನು ಹಾಗೇ ಸಿಂಕಿಗೆ ಎಸೆದಳು. ಕಲಸಿದ ಕೈ ಮೇಜಿನ ಮೇಲೆ ಖಾಲಿ ಉಳಿದಾಗ ತಮ್ಮನಿಗೂ ಸಿಟ್ಟು ಏರಿತು. ಹೌದು, ತಾನು ಇಳಿದೆ, ಅದು ತನ್ನ ಹೊಟ್ಟೆಪಾಡು, ಹುಡುಗಿ ಮಾತ್ರ ಮರಳು ಬಿಟ್ಟು ಕದಲಿಲ್ಲ ಎಂದ. ಈ ವರ್ಷ ತಪ್ಪಿದರೆ ಅವಳಿಗೆ ವಯಸ್ಸು ಮೀರುತ್ತದೆ, ಅದು ಯಾರಿಗೂ ಬೇಡ ಎಂದ. ಅಕ್ಕನ ಹೆದರಿಕೆಗೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ, ಬಿಟ್ಟರೆ ಮಗಳನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತಾಳೆ ಎಂದ.

"ಅವಳ ಕಣ್ಣು ಹೋದ್ರೆ ನಿಂದು ಕಿತ್ತು ಕೊಡ್ತೀಯೇನೋ?"

"ಇಳಿದೇ ಇಲ್ಲ ಅಂದ್ನಲ್ಲ. ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಅವಳನ್ನೇ ಕೇಳು."

ಅಕ್ಕ ಕೇಳಲಿಲ್ಲ. ಒದ್ದೆ ಕೈಯನ್ನು ಒರೆಸಿಕೊಂಡು ಬಂದು ಮಗಳ ಎದುರು ನಿಂತಳು. ದನಿ ಏರಲಿಲ್ಲ.

"ಚಮಚ ಇನ್ನೂ ಅಲ್ಲೇ ಬಿದ್ದಿದೆ. ಎತ್ತಿಕೊಡು."

ಮಗಳು ಮಾವನ ಕಡೆ ಒಮ್ಮೆ ನೋಡಿದಳು. ಆಮೇಲೆ ತುಂಬಿದ ಕೊಡ ಹೊತ್ತವಳ ಹಾಗೆ ಕತ್ತು ನೆಟ್ಟಗಿಟ್ಟುಕೊಂಡು, ಎದುರಿನ ಗೋಡೆಯನ್ನೇ ದಿಟ್ಟಿಸುತ್ತ, ಮೇಜಿನ ಕೆಳಗೆ ಕಾಲು ಚಾಚಿ, ಕಾಲ್ಬೆರಳಿನಿಂದ ಚಮಚಕ್ಕಾಗಿ ತಡಕಾಡತೊಡಗಿದಳು.